ತಾರೀಖಿಲ್ಲದ ಶಾಸನಗಳು: ಮುದಿ ನಕ್ಷತ್ರಗಳು ಹೇಳುವ ಆಕಾಶಗಂಗೆಯ ಕಥೆ

ಮೇ ಕೊನೆಯ ವಾರ ರಾತ್ರಿ ಹತ್ತು ಗಂಟೆಗೆ ತಾರಸಿ ಹತ್ತಿ ನೋಡಿ. ಮೋಡ ಇಲ್ಲದಿದ್ದರೆ ಉತ್ತರಕ್ಕೆ ಸಪ್ತರ್ಷಿ ಮಂಡಲ ಕಾಣುತ್ತದೆ. ಅದರ ಬಾಲ ಬಾಗಿದ ಕಡೆಗೇ ಕಣ್ಣು ಜಾರಿಸುತ್ತಾ ಬಂದರೆ ನೆತ್ತಿಯ ಹತ್ತಿರ ಕಿತ್ತಳೆ ಬಣ್ಣದ ಚುಕ್ಕಿಯೊಂದು ಸಿಗುತ್ತದೆ. ಅದು ಸ್ವಾತಿ. ಬೆಂಗಳೂರಿನ ಬೀದಿದೀಪಗಳ ನಡುವೆಯೂ ಎದ್ದು ಕಾಣುತ್ತದೆ. ಯಾವ ಮಳೆಯ ಹನಿ ಚಿಪ್ಪಿನೊಳಗೆ ಬಿದ್ದರೆ ಮುತ್ತಾಗುತ್ತದೆ ಅಂತ ನಮ್ಮ ಹಿರಿಯರು ಹೇಳುತ್ತಿದ್ದರೋ, ಆ ಸ್ವಾತಿ.

ಗ್ರಹಗಳು ಓಡಾಡುತ್ತವೆ, ನಕ್ಷತ್ರಗಳು ಮಾತ್ರ ಇದ್ದಲ್ಲೇ ಇರುತ್ತವೆ ಅಂತ ಬಹಳ ಕಾಲ ಎಲ್ಲರೂ ಅಂದುಕೊಂಡಿದ್ದರು. 1718ರಲ್ಲಿ ಎಡ್ಮಂಡ್ ಹ್ಯಾಲಿ, ಧೂಮಕೇತುವಿನ ಅದೇ ಹ್ಯಾಲಿ, ಹಳೆಯ ಗ್ರೀಕರ ನಕ್ಷತ್ರಪಟ್ಟಿಯನ್ನು ತನ್ನ ಕಾಲದ ಅಳತೆಗಳ ಪಕ್ಕದಲ್ಲಿಟ್ಟು ನೋಡಿದ. ಸ್ವಾತಿ, ಲುಬ್ಧಕ, ರೋಹಿಣಿ ಮೂರೂ ಜಾಗ ಬದಲಿಸಿದ್ದವು. ಸ್ವಾತಿಯಂತೂ ಎರಡು ಹುಣ್ಣಿಮೆ ಚಂದ್ರರ ಅಗಲಕ್ಕಿಂತ ಜಾಸ್ತಿ ಸರಿದಿತ್ತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಹೊಯ್ಸಳರು ಸೋಮನಾಥಪುರದಲ್ಲಿ ಕಲ್ಲು ಕೆತ್ತುತ್ತಿದ್ದ ಕಾಲದಿಂದ ಇಲ್ಲಿಯವರೆಗೆ ಅದು ಹತ್ತಿರ ಹತ್ತಿರ ಒಂದು ಚಂದ್ರನ ಅಗಲದಷ್ಟು ಸರಿದಿದೆ.

ಯಾಕೆ ಇಷ್ಟು ಅವಸರ? ಒಂದು ಕಾರಣ, ಅದು ಹತ್ತಿರ ಇದೆ. ಬರೀ 37 ಜ್ಯೋತಿರ್ವರ್ಷ. ಇನ್ನೊಂದು ಕಾರಣ ಹೆಚ್ಚು ಕುತೂಹಲದ್ದು. ಸೂರ್ಯ ಮತ್ತು ಅದರ ನೆರೆಯ ನಕ್ಷತ್ರಗಳು ನಮ್ಮ ಗೆಲಾಕ್ಸಿಯಾದ ಆಕಾಶಗಂಗೆಯ ತಟ್ಟೆಯಂಥ ಹರವಿನಲ್ಲಿ ಒಂದೇ ಕಡೆಗೆ, ಸುಮಾರು ಒಂದೇ ವೇಗದಲ್ಲಿ ಸುತ್ತುತ್ತಿವೆ. ಸ್ವಾತಿ ಈ ಗುಂಪಿನ ಹೆಜ್ಜೆಗೆ ಹೆಜ್ಜೆ ಹಾಕುವುದಿಲ್ಲ. ಸೆಕೆಂಡಿಗೆ ಸುಮಾರು 100 ಕಿ.ಮೀ.ಯಷ್ಟು ಹಿಂದೆ ಬೀಳುತ್ತಿದೆ. ಅದರಲ್ಲಿರುವ ಕಬ್ಬಿಣದ ಪ್ರಮಾಣವೂ ಸೂರ್ಯನದರ ಮೂರನೇ ಒಂದು ಭಾಗದಷ್ಟೇ. ವಯಸ್ಸೂ ಸೂರ್ಯನಿಗಿಂತ ಹೆಚ್ಚು. ನಡಿಗೆ ಬೇರೆ, ಮೈ ಬೇರೆ. ಹಾಗಾದರೆ ಇದು ಇಲ್ಲಿಯದೇನಾ, ಅಥವಾ ಬೇರೆ ಎಲ್ಲಿಂದಲೋ ಬಂದದ್ದಾ?

ಇಂಥ ಪ್ರಶ್ನೆಗಳನ್ನು ಕೋಟ್ಯಂತರ ನಕ್ಷತ್ರಗಳಿಗೆ ಕೇಳುವ ಕೆಲಸಕ್ಕೆ ಗೆಲಾಕ್ಸಿ ಪುರಾತತ್ವ ಅಂತ ಹೆಸರು. ಕಳೆದ ಏಳೆಂಟು ವರ್ಷಗಳಲ್ಲಿ ಈ ಕ್ಷೇತ್ರದಿಂದ ಬಂದಷ್ಟು ಸುದ್ದಿ ಅದಕ್ಕೂ ಮುಂಚಿನ ಐವತ್ತು ವರ್ಷಗಳಲ್ಲಿ ಬಂದಿರಲಿಕ್ಕಿಲ್ಲ. ಆಕಾಶಗಂಗೆ ಇನ್ನೊಂದು ಗೆಲಾಕ್ಸಿಯನ್ನು ನುಂಗಿತಂತೆ, ಶಿವ ಮತ್ತು ಶಕ್ತಿ ಎಂಬ ಎರಡು ತುಣುಕು ಸಿಕ್ಕಿತಂತೆ, ಅಂದುಕೊಂಡದ್ದಕ್ಕಿಂತ ಮೊದಲೇ ತಟ್ಟೆ ಹುಟ್ಟಿತ್ತಂತೆ. ಈ ಸುದ್ದಿಗಳನ್ನು ಓದುವಾಗ ನಾನು ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಯಾವ ನಕ್ಷತ್ರ ಎಲ್ಲಿಯದು ಎಂಬ ಮಾತನ್ನು ಸಾಕಷ್ಟು ನಂಬುತ್ತೇನೆ. ಯಾವಾಗಿನದು ಎಂಬ ಮಾತು ಬಂದರೆ ಎರಡು ಸಲ ಓದುತ್ತೇನೆ. ಯಾಕೆ ಅಂತ ಹೇಳುತ್ತೇನೆ.

ಮೊದಲು, ನಕ್ಷತ್ರದಲ್ಲಿ ಇತಿಹಾಸ ಉಳಿಯುವುದು ಹೇಗೆ ಅಂತ ನೋಡೋಣ. ಮಹಾಸ್ಫೋಟವಾಗಿ ಸುಮಾರು 1380 ಕೋಟಿ ವರ್ಷ. ಆಗ ಇದ್ದದ್ದು ಹೈಡ್ರೋಜನ್, ಹೀಲಿಯಂ, ಚಿಟಿಕೆ ಲಿಥಿಯಂ. ಉಳಿದದ್ದೆಲ್ಲ, ನಮ್ಮ ಮೂಳೆಯ ಕ್ಯಾಲ್ಸಿಯಂ, ರಕ್ತದ ಕಬ್ಬಿಣ, ಉಸಿರಾಡುವ ಆಕ್ಸಿಜನ್, ನಕ್ಷತ್ರಗಳು ಬೇಯಿಸಿ ಚೆಲ್ಲಿದ್ದು. ಖಗೋಳ ವಿಜ್ಞಾನಿಗಳು ಹೀಲಿಯಂಗಿಂತ ಭಾರವಾದ ಎಲ್ಲವನ್ನೂ ಲೋಹ ಅಂತಲೇ ಕರೆಯುತ್ತಾರೆ. ಆಕ್ಸಿಜನ್ ಕೂಡ ಲೋಹ! ಕೆಮಿಸ್ಟ್ರಿ ಮೇಷ್ಟ್ರು ಕೇಳಿದರೆ ಕಿವಿ ಹಿಂಡುತ್ತಾರೆ. ಇರಲಿ. ಒಂದು ತಲೆಮಾರು ನಕ್ಷತ್ರ ಸತ್ತು ಚೆಲ್ಲಿದ ಲೋಹ ಮುಂದಿನ ತಲೆಮಾರಿನ ಅನಿಲಕ್ಕೆ ಸೇರುತ್ತದೆ. ಹಾಗಾಗಿ ಲೋಹ ಕಡಿಮೆ ಇದ್ದಷ್ಟೂ ನಕ್ಷತ್ರ ಹಳೆಯದಿರುವ ಸಾಧ್ಯತೆ ಹೆಚ್ಚು.

ದೊಡ್ಡ ನಕ್ಷತ್ರಗಳು ಬೇಗ ಉರಿದು ಹೋಗುತ್ತವೆ, ಕೆಲವೇ ದಶಲಕ್ಷ ವರ್ಷಗಳಲ್ಲಿ. ಸೂರ್ಯನಂಥದ್ದಕ್ಕೆ 1000 ಕೋಟಿ ವರ್ಷ ಆಯುಷ್ಯ. ಅದಕ್ಕಿಂತ ಸ್ವಲ್ಪ ಚಿಕ್ಕದಾದರೆ, ಸೂರ್ಯನ 0.8ರಷ್ಟು ತೂಕ ಅಂದುಕೊಳ್ಳಿ, ಜಗತ್ತಿನ ಆರಂಭದಲ್ಲಿ ಹುಟ್ಟಿದ್ದರೂ ಇವತ್ತಿಗೂ ಮಿಣುಕುತ್ತಿರುತ್ತದೆ. ಅದರ ಹೊರಮೈಯಲ್ಲಿ ಹುಟ್ಟಿದಾಗಿನ ಅನಿಲವೇ ಬಹುಪಾಲು ಹಾಗೇ ಉಳಿದಿರುತ್ತದೆ. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದರೆ ನಡುವೆ ಕಪ್ಪು ಗೆರೆಗಳು ಕಾಣುತ್ತವೆ. ಒಂದೊಂದು ಗೆರೆಯೂ ಒಂದೊಂದು ಧಾತುವಿನ ಸಹಿ. ಹೆಚ್ಚು ಲೋಹ ಇದ್ದರೆ ಗೆರೆಗಳ ಕಾಡು. ಲೋಹ ಇಲ್ಲದಿದ್ದರೆ ಹಾಳೆ ಖಾಲಿ ಖಾಲಿ. 2014ರಲ್ಲಿ ಆಸ್ಟ್ರೇಲಿಯಾದ ಸ್ಕೈಮ್ಯಾಪರ್ ಟೆಲಿಸ್ಕೋಪ್ ಹುಡುಕಿಕೊಟ್ಟ ಒಂದು ನಕ್ಷತ್ರದಲ್ಲಿ ಕಬ್ಬಿಣದ ಗೆರೆ ಎಷ್ಟು ಹುಡುಕಿದರೂ ಕಾಣಲೇ ಇಲ್ಲ. ಇದ್ದರೂ ಸೂರ್ಯನಲ್ಲಿರುವುದರ ಕೋಟಿಯಲ್ಲಿ ಒಂದು ಪಾಲಿಗಿಂತ ಕಡಿಮೆ. ಮೊಟ್ಟಮೊದಲ ತಲೆಮಾರಿನ, ಲೋಹದ ಸೋಂಕೇ ಇಲ್ಲದ ನಕ್ಷತ್ರ ಮಾತ್ರ ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ.

ಇನ್ನು, ಲೋಹ ಎಷ್ಟಿದೆ ಎಂಬುದರ ಜೊತೆಗೆ ಯಾವ ಲೋಹ ಯಾವ ಹದದಲ್ಲಿದೆ ಎಂಬುದೂ ಮುಖ್ಯ. ಮೆಗ್ನೀಸಿಯಂ, ಆಕ್ಸಿಜನ್‌ಗಳನ್ನು ಹಂಚುವುದು ದೊಡ್ಡ ನಕ್ಷತ್ರಗಳ ಸ್ಫೋಟ. ಅದು ಬೇಗ ಆಗುತ್ತದೆ. ಕಬ್ಬಿಣದ ಬಹುಪಾಲು ಬರುವುದು ಶ್ವೇತಕುಬ್ಜಗಳ, ಅಂದರೆ ಸೂರ್ಯನಂಥ ನಕ್ಷತ್ರಗಳು ಸತ್ತ ಮೇಲೆ ಉಳಿಯುವ ತಿರುಳುಗಳ, ಸ್ಫೋಟದಿಂದ. ಅದಕ್ಕೆ ಹತ್ತಾರು ಕೋಟಿ, ಕೆಲವು ಸಲ ನೂರಾರು ಕೋಟಿ ವರ್ಷ ಕಾಯಬೇಕು. ದೊಡ್ಡ ಗೆಲಾಕ್ಸಿಯಲ್ಲಿ ಜೋರು ಉರಿಯಲ್ಲಿ ಅಡುಗೆ. ನಿಧಾನದ ಕಬ್ಬಿಣ ಬರುವ ಹೊತ್ತಿಗೆ ಉಳಿದ ಲೋಹ ಸಾಕಷ್ಟು ಸೇರಿಬಿಟ್ಟಿರುತ್ತದೆ. ಚಿಕ್ಕ ಗೆಲಾಕ್ಸಿಯಲ್ಲಿ ಸಣ್ಣ ಉರಿ. ಪಾತ್ರೆ ಇನ್ನೂ ಸಪ್ಪೆ ಇರುವಾಗಲೇ ಕಬ್ಬಿಣ ಬಂದು ಬೀಳುತ್ತದೆ. ಈ ವ್ಯತ್ಯಾಸ ನಕ್ಷತ್ರದ ಮೈಯಲ್ಲಿ ಉಳಿದುಬಿಡುತ್ತದೆ. ಧಾರವಾಡದವರು ಬೆಂಗಳೂರಿಗೆ ಬಂದು ನಲವತ್ತು ವರ್ಷ ಆದರೂ ಎರಡು ಮಾತಾಡಿದರೆ ಗೊತ್ತಾಗುತ್ತಲ್ವಾ, ಹಾಗೆ.

ನಡಿಗೆಯ ನೆನಪೂ ಸುಲಭಕ್ಕೆ ಅಳಿಯುವುದಿಲ್ಲ. ಸೂರ್ಯ ಆಕಾಶಗಂಗೆಯ ಕೇಂದ್ರವನ್ನು ಒಂದು ಸಲ ಸುತ್ತಲು ಸುಮಾರು 23 ಕೋಟಿ ವರ್ಷ ಬೇಕು. ಅಂದರೆ 1000 ಕೋಟಿ ವರ್ಷ ಎಂದರೂ ನಲವತ್ತು ಚಿಲ್ಲರೆ ಸುತ್ತು, ಅಷ್ಟೇ. ನಕ್ಷತ್ರಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದು ಇಲ್ಲವೆನ್ನುವಷ್ಟು ಅಪರೂಪ. ಹೊರಗಿನಿಂದ ಒಟ್ಟಿಗೆ ಬಂದವು ಆಕಾಶದ ತುಂಬ ಚದುರಿ ಹೋಗಿರಬಹುದು. ಆದರೆ ಅವುಗಳ ಚಲನೆಯಲ್ಲಿ ಒಂದು ಹೋಲಿಕೆ ಉಳಿದಿರುತ್ತದೆ.

ಈ ಎರಡೂ ಸುಳಿವು ಹಿಡಿದು ಜಗಳ ಶುರುವಾದದ್ದು ಇವತ್ತು ನಿನ್ನೆಯಲ್ಲ. 1962ರಲ್ಲಿ ಎಗ್ಗೆನ್, ಲಿಂಡನ್-ಬೆಲ್, ಸ್ಯಾಂಡೇಜ್ ಎಂಬ ಮೂವರು 221 ನಕ್ಷತ್ರಗಳನ್ನು ನೋಡಿ, ಒಂದೇ ದೊಡ್ಡ ಅನಿಲದ ಮೋಡ ಬೇಗ ಕುಸಿದು ಆಕಾಶಗಂಗೆ ಆಯಿತು ಎಂದರು. 1978ರಲ್ಲಿ ಸರ್ಲ್ ಮತ್ತು ಝಿನ್, ಇಲ್ಲ, ಸಣ್ಣ ಸಣ್ಣ ತುಣುಕುಗಳು ನಿಧಾನವಾಗಿ ಬಂದು ಸೇರಿದವು ಎಂದರು. 1994ರಲ್ಲಿ ಧನು ರಾಶಿಯ ಕಡೆ ಒಂದು ಕುಬ್ಜ ಗೆಲಾಕ್ಸಿ ನಮ್ಮ ಆಕಾಶಗಂಗೆಗೆ ಸಿಕ್ಕಿ ಚಿಂದಿಯಾಗುತ್ತಿರುವುದು ನೇರವಾಗಿಯೇ ಕಂಡಿತು. ನುಂಗುವುದು ನಡೆಯುತ್ತದೆ ಎಂಬುದಂತೂ ಖಾತ್ರಿಯಾಯಿತು. ಎಷ್ಟು ನುಂಗಿದೆ, ದೊಡ್ಡ ತುತ್ತು ಯಾವುದು ಎಂದು ಹೇಳಲು ಇನ್ನೂರು ನಕ್ಷತ್ರದ ಪಟ್ಟಿ ಸಾಲುವುದಿಲ್ಲವಲ್ಲ.

ಅದಕ್ಕೆ ಬೇಕಾದ ಪಟ್ಟಿ ಕೊಟ್ಟದ್ದು ಗಯಾ. ಯುರೋಪಿನ ಬಾಹ್ಯಾಕಾಶ ಸಂಸ್ಥೆ 2013ರ ಡಿಸೆಂಬರ್‌ನಲ್ಲಿ ಹಾರಿಸಿದ ಟೆಲಿಸ್ಕೋಪ್ ಇದು. ಭೂಮಿಯಿಂದ 15 ಲಕ್ಷ ಕಿ.ಮೀ. ಆಚೆ ಕೂತು ನಕ್ಷತ್ರಗಳ ಜಾಗ, ದೂರ, ಸರಿದಾಟ ಅಳೆಯುವುದೇ ಅದರ ಕೆಲಸವಾಗಿತ್ತು. ಅಳತೆಯ ಸೂಕ್ಷ್ಮ ಎಷ್ಟೆಂದರೆ, ಸಾವಿರ ಕಿ.ಮೀ. ದೂರದ ತಲೆಗೂದಲಿನ ದಪ್ಪ ಹೇಳುವಷ್ಟು. ಹ್ಯಾಲಿಗೆ ಎರಡು ಸಾವಿರ ವರ್ಷದ ಹಳೆಯ ಪಟ್ಟಿ ಬೇಕಾಗಿತ್ತು. ಗಯಾಗೆ ಕೆಲವೇ ತಿಂಗಳು ಸಾಕು. 2018ರ ಏಪ್ರಿಲ್ 25ರಂದು ಸುಮಾರು 170 ಕೋಟಿ ನಕ್ಷತ್ರಗಳ ಪಟ್ಟಿ ಹೊರಬಿತ್ತು. ಹೊರಬಿದ್ದ ದಿನವೇ ಎಲ್ಲರಿಗೂ ಮುಕ್ತ. ಜಗತ್ತಿನ ನಾನಾ ಕಡೆ ಅವತ್ತು ರಾತ್ರಿ ಅನೇಕರು ನಿದ್ದೆ ಮಾಡಿರಲಿಕ್ಕಿಲ್ಲ.

ಅದೇ ವರ್ಷ ಎರಡು ತಂಡಗಳು ಬೇರೆ ಬೇರೆ ದಾರಿಯಲ್ಲಿ ಒಂದೇ ಕಡೆ ಬಂದು ನಿಂತವು. ಸೂರ್ಯನ ಸುತ್ತಮುತ್ತ ಇರುವ, ತಟ್ಟೆಗೆ ಸೇರದ ಹಳೆಯ ನಕ್ಷತ್ರಗಳಲ್ಲಿ ದೊಡ್ಡದೊಂದು ಗುಂಪು ಕೇಂದ್ರವನ್ನು ಸುತ್ತುತ್ತಲೇ ಇರಲಿಲ್ಲ. ಉಯ್ಯಾಲೆಯ ಹಾಗೆ ಒಳಗೆ ಧುಮುಕಿ, ಹೊರಗೆ ಚಿಮ್ಮಿ, ಮತ್ತೆ ಒಳಗೆ. ಕೇಂಬ್ರಿಜ್‌ನ ಬೆಲೊಕುರೊವ್ ಮತ್ತು ಜೊತೆಗಾರರು ಬರೆದ ವೇಗದ ನಕ್ಷೆಯಲ್ಲಿ ಇದು ಉದ್ದುದ್ದ ಸಾಸೇಜ್‌ನಂತೆ ಕಂಡಿತು. ಅವರು ಹಾಗೇ ಕರೆದರು. ನೆದರ್‌ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿರುವ, ಅರ್ಜೆಂಟೀನಾ ಮೂಲದ ಅಮಿನಾ ಹೆಲ್ಮಿ ಅವರ ತಂಡ ಎನ್ಸೆಲಾಡಸ್ ಎಂದು ಹೆಸರಿಟ್ಟಿತು. ಗ್ರೀಕ್ ಪುರಾಣದಲ್ಲಿ ಭೂದೇವಿ ಗಯಾಳ ಮಗ, ಎಟ್ನಾ ಬೆಟ್ಟದ ಕೆಳಗೆ ಹೂತುಹೋದ ದೈತ್ಯ ಅವನು. ಈಗ ಎರಡೂ ಹೆಸರು ಸೇರಿಸಿ ಹೇಳುವುದು ರೂಢಿ. ಮೆಗ್ನೀಸಿಯಂ-ಕಬ್ಬಿಣದ ಹದ ನೋಡಿದರೆ ಈ ಗುಂಪಿನದು ಚಿಕ್ಕ ಗೆಲಾಕ್ಸಿಯ ಅಡುಗೆ, ಅಂದರೆ ಆಕಾಶಗಂಗೆ ನುಂಗಿದ ಬೇರೊಂದು ಗೆಲಾಕ್ಸಿಯದು. ಗಮನಿಸಿ, ಸುತ್ತಲಿನ ಹಳೆಯ ನಕ್ಷತ್ರಗಳಲ್ಲಿ ಹೀಗೆ ಎರಡು ಬಗೆಯ ಹದ ಇದೆ ಎಂದು ನಿಸ್ಸೆನ್ ಮತ್ತು ಶುಸ್ಟರ್ 2010ರಲ್ಲೇ, ಗಯಾ ಹಾರುವುದಕ್ಕೂ ಮುಂಚೆ, ತೋರಿಸಿದ್ದರು. ಮಾತಿನ ಧಾಟಿ ಮೊದಲೇ ಸಿಕ್ಕಿತ್ತು, ನಡಿಗೆ ಆಮೇಲೆ ಸಿಕ್ಕಿತು.

ಹೆಲ್ಮಿ ತಂಡದ ಲೆಕ್ಕದಲ್ಲಿ ಈ ಗೆಲಾಕ್ಸಿ ಆಗಿನ ಆಕಾಶಗಂಗೆಯ ಕಾಲು ಭಾಗದಷ್ಟಿತ್ತು, ಬಂದು ಗುದ್ದಿದ್ದು ಸುಮಾರು 1000 ಕೋಟಿ ವರ್ಷದ ಹಿಂದೆ. ಈ ಕೊನೆಯ ಸಂಖ್ಯೆಯ ಹತ್ತಿರ ಸ್ವಲ್ಪ ನಿಲ್ಲೋಣ.

ಹಾಸನ ಜಿಲ್ಲೆಯ ಹಲ್ಮಿಡಿ ಶಾಸನ ನಮಗೆಲ್ಲ ಗೊತ್ತು. ಸುಮಾರು ಕ್ರಿ.ಶ. 450 ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ಆ ಕಲ್ಲಿನ ಮೇಲೆ ಇಸವಿ ಬರೆದಿಲ್ಲ. ಅಕ್ಷರದ ರೂಪ, ಭಾಷೆ, ಹೆಸರುಗಳನ್ನು ನೋಡಿ ವಿದ್ವಾಂಸರು ಕಾಲ ಊಹಿಸಿದ್ದು. ನಕ್ಷತ್ರದ್ದೂ ಅದೇ ಪಾಡು. ತೂಕ, ಬಣ್ಣ, ಹೊಳಪು, ಲೋಹ ಎಲ್ಲ ಅಳೆಯಬಹುದು. ವಯಸ್ಸನ್ನು ಅಳೆಯುವ ಯಂತ್ರ ಇಲ್ಲ. ಇಷ್ಟು ತೂಕದ, ಇಷ್ಟು ಲೋಹದ ನಕ್ಷತ್ರ ಇಷ್ಟು ವರ್ಷಕ್ಕೆ ಹೀಗೆ ಕಾಣಬೇಕು ಎಂದು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ, ಕಂಡದ್ದರ ಜೊತೆ ತಾಳೆ ಹಾಕುವುದು. ಲೆಕ್ಕದಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದರೆ ನೂರು ಕೋಟಿ ವರ್ಷ ಆಚೀಚೆ.

ಎಷ್ಟು ಆಚೀಚೆ ಅನ್ನುವುದಕ್ಕೆ ಒಂದು ತಮಾಷೆಯ ಉದಾಹರಣೆ ಇದೆ. ಸುಮಾರು 200 ಜ್ಯೋತಿರ್ವರ್ಷ ದೂರದಲ್ಲಿ ಎಚ್‌ಡಿ 140283 ಎಂಬ ಮುದಿ ನಕ್ಷತ್ರವಿದೆ. ಬೈಬಲ್ಲಿನ ದೀರ್ಘಾಯುಷಿಯ ನೆನಪಿಗೆ ಮೆಥೂಸಲಾ ಎಂದು ಅಡ್ಡಹೆಸರು. 2013ರಲ್ಲಿ ಹಬಲ್ ಟೆಲಿಸ್ಕೋಪ್ ಅಳತೆ ಇಟ್ಟುಕೊಂಡು ಅದರ ವಯಸ್ಸು ಲೆಕ್ಕ ಹಾಕಿದರು. ಬಂದದ್ದು ಸುಮಾರು 1450 ಕೋಟಿ ವರ್ಷ. ಜಗತ್ತಿಗಿಂತ ನಕ್ಷತ್ರವೇ ಹಿರಿದು! ಅಮ್ಮನಿಗಿಂತ ಮಗು ದೊಡ್ಡದು ಎಂದು ಪತ್ರಿಕೆಗಳು ಕುಣಿದವು. ಆ ಲೆಕ್ಕದ ಜೊತೆಗೇ 80 ಕೋಟಿ ಹೆಚ್ಚುಕಮ್ಮಿ ಎಂದೂ ಬರೆದಿತ್ತು, ಅದನ್ನು ಯಾರೂ ದೊಡ್ಡಕ್ಷರದಲ್ಲಿ ಹಾಕಲಿಲ್ಲ. ಆಮೇಲೆ ಬಂದ ಲೆಕ್ಕಗಳಲ್ಲಿ ಅದರ ವಯಸ್ಸು 1200 ಕೋಟಿಯ ಹತ್ತಿರಕ್ಕೆ ಇಳಿದಿದೆ. ನಕ್ಷತ್ರ ಅದೇ, ಆಕಾಶ ಅದೇ. ಬದಲಾದದ್ದು ಅಕ್ಷರ ಓದುವ ಕ್ರಮ.

ಎಲ್ಲ ನಕ್ಷತ್ರಗಳೂ ಇಷ್ಟು ಸತಾಯಿಸುವುದಿಲ್ಲ. ಹೊಟ್ಟೆಯೊಳಗಿನ ಹೈಡ್ರೋಜನ್ ಮುಗಿದು, ದೈತ್ಯವಾಗಿ ಉಬ್ಬುವುದಕ್ಕೆ ಮುಂಚೆ ಒಂದು ಸಣ್ಣ ಹಂತ ಇದೆ. ಉಪದೈತ್ಯ ಎನ್ನುತ್ತಾರೆ. ಆ ಹಂತದಲ್ಲಿ ಹೊಳಪಿಗೂ ವಯಸ್ಸಿಗೂ ನೇರ ನಂಟು. ಹಂತ ಚಿಕ್ಕದಾದ್ದರಿಂದ ಅಂಥ ನಕ್ಷತ್ರಗಳು ಕಡಿಮೆ. ಆದರೆ ಗಯಾದ ಪಟ್ಟಿ ದೊಡ್ಡದಲ್ಲವೇ? 2022ರಲ್ಲಿ ಶಿಯಾಂಗ್ ಮತ್ತು ರಿಕ್ಸ್, ಚೀನಾದ ಲಾಮೋಸ್ಟ್ ಟೆಲಿಸ್ಕೋಪಿನ ಮಾಹಿತಿಯನ್ನೂ ಸೇರಿಸಿ, ಸುಮಾರು 2.47 ಲಕ್ಷ ಉಪದೈತ್ಯಗಳ ವಯಸ್ಸು ಹೇಳಿದರು. ಆಕಾಶಗಂಗೆಯ ತಟ್ಟೆಯಲ್ಲಿ ತೆಳು, ದಪ್ಪ ಎಂದು ಎರಡು ಭಾಗ. ಅದರಲ್ಲಿ ದಪ್ಪ ತಟ್ಟೆ 1300 ಕೋಟಿ ವರ್ಷದ ಹಿಂದೆಯೇ ಶುರುವಾಗಿತ್ತು, ಅದರ ನಕ್ಷತ್ರಗಳು ಭರ್ಜರಿಯಾಗಿ ಹುಟ್ಟಿದ್ದು 1100 ಕೋಟಿ ವರ್ಷದ ಹಿಂದೆ, ಅಂದರೆ ಎನ್ಸೆಲಾಡಸ್ ಡಿಕ್ಕಿಯ ಕಾಲಕ್ಕೆ ಸರಿಹೊಂದುವ ಹಾಗೆ. ಇನ್ನೊಂದು ದಾರಿ, ನಕ್ಷತ್ರದ ನಡುಕ ಕೇಳುವುದು. ನಕ್ಷತ್ರದೊಳಗೆ ಗಂಟೆಯ ಹಾಗೆ ಕಂಪನ ಇರುತ್ತದೆ. ಒಳಗು ಎಷ್ಟು ಸವೆದಿದೆ ಎಂಬುದು ಆ ನಾದದಲ್ಲಿ ತಿಳಿಯುತ್ತದೆ. ದಕ್ಷಿಣದ ಆಕಾಶದಲ್ಲಿ ಬರಿಗಣ್ಣಿಗೇ ಕಾಣುವ ನ್ಯೂ ಇಂಡೈ ಎಂಬ ನಕ್ಷತ್ರದ ವಯಸ್ಸು ಹೀಗೆ ಸುಮಾರು 1100 ಕೋಟಿ ಎಂದು 2020ರಲ್ಲಿ ತಿಳಿಯಿತು. ಅದು ಇಲ್ಲೇ ಹುಟ್ಟಿ, ಡಿಕ್ಕಿಯ ಪೆಟ್ಟಿಗೆ ದಾರಿ ತಪ್ಪಿದ ನಕ್ಷತ್ರ.

ಇಷ್ಟಾದ ಮೇಲೂ ತಕರಾರು ಮುಗಿದಿಲ್ಲ. 2024ರಲ್ಲಿ ಥಾಮಸ್ ಡಾನ್ಲನ್ ಮತ್ತು ಜೊತೆಗಾರರು ಬೇರೆಯೇ ಗಡಿಯಾರ ಮುಂದಿಟ್ಟರು. ಹೊರಗಿನ ಗೆಲಾಕ್ಸಿ ಬಂದು ಬಿದ್ದಾಗ ಅದರ ನಕ್ಷತ್ರಗಳ ಚಲನೆಯಲ್ಲಿ ಸೀರೆಯ ನೆರಿಗೆಯಂಥ ಮಡಿಕೆಗಳು ಏಳುತ್ತವೆ. ಕಾಲ ಕಳೆದ ಹಾಗೆ ಮಡಿಕೆ ಹೆಚ್ಚಾಗಿ, ಸಣ್ಣಗಾಗಿ, ಕೊನೆಗೆ ಗುರುತೇ ಸಿಗದಂತೆ ಬೆರೆತುಹೋಗುತ್ತದೆ. ಗಯಾ ತೋರಿಸಿದ ನೆರಿಗೆಗಳು ಕೆಲವೇ ಕೆಲವು, ಅವೂ ಸ್ಪಷ್ಟವಾಗಿವೆ. ಹಾಗಾದರೆ ಡಿಕ್ಕಿ 300 ಕೋಟಿ ವರ್ಷದ ಈಚೆಗೆ ಆಗಿರಬೇಕು ಎನ್ನುವುದು ಅವರ ವಾದ. 1000 ಎಲ್ಲಿ, 300 ಎಲ್ಲಿ!

ಇಲ್ಲಿ ಒಂದು ಸೂಕ್ಷ್ಮ ಇದೆ. ನಕ್ಷತ್ರದ ವಯಸ್ಸು ಬೇರೆ, ಅದು ಇಲ್ಲಿಗೆ ಬಂದ ಕಾಲ ಬೇರೆ. ಪಾಳುಬಿದ್ದ ಗುಡಿಯ ಕಲ್ಲು ತಂದು ಹೊಸ ಮನೆ ಕಟ್ಟಿದರೆ ಕಲ್ಲು ಹಳೆಯದೇ, ಮನೆ ಮಾತ್ರ ಹೊಸದು. ಹಾಗಾಗಿ ಬಂದ ನಕ್ಷತ್ರಗಳು ಮುದಿ ಎಂಬುದಷ್ಟೇ ಸಾಕ್ಷಿಯಾಗುವುದಿಲ್ಲ. ನನಗೆ ಹೆಚ್ಚು ಗಟ್ಟಿ ಅನ್ನಿಸುವ ಸಾಕ್ಷಿ ಇಲ್ಲಿಯದೇ ನಕ್ಷತ್ರಗಳದ್ದು, ನ್ಯೂ ಇಂಡೈಯಂಥವುಗಳದ್ದು. ಡಿಕ್ಕಿಯಲ್ಲಿ ಚೆಲ್ಲಾಪಿಲ್ಲಿಯಾದ ಸ್ಥಳೀಯ ನಕ್ಷತ್ರಗಳೆಲ್ಲ ಬಹುಮಟ್ಟಿಗೆ ಮುದಿ. 300 ಕೋಟಿ ವರ್ಷದ ಹಿಂದೆ ದೊಡ್ಡ ಪೆಟ್ಟು ಬಿದ್ದಿದ್ದರೆ ಅವುಗಳ ನಡುವೆ ಎಳೆಯವೂ ಬೇಕಾದಷ್ಟು ಇರಬೇಕಿತ್ತು. ಹಾಗಂತ ನೆರಿಗೆಯ ಪ್ರಶ್ನೆಯನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಈಚೆಗೆ ಬಂದ ಇನ್ನೊಂದು ಸಣ್ಣ ಗೆಲಾಕ್ಸಿ ಆ ನೆರಿಗೆ ಎಬ್ಬಿಸಿರಬಹುದು. ಇಲ್ಲವೇ ಆಕಾಶಗಂಗೆಯ ನಡುವೆ ಇರುವ, ಇಂಗ್ಲಿಷ್‌ನಲ್ಲಿ ಬಾರ್ ಎನ್ನುವ ಪಟ್ಟಿ ಎಬ್ಬಿಸಿರಬಹುದು.

ಈ ಪಟ್ಟಿಯ ವಿಷಯ ಬಂತಲ್ಲ, ಅದು ದೊಡ್ಡ ತಲೆನೋವು. ನಮ್ಮ ಗೆಲಾಕ್ಸಿಯ ನಡುವೆ ನಕ್ಷತ್ರಗಳ ಉದ್ದನೆಯ ಪಟ್ಟಿಯೊಂದು ಲಟ್ಟಣಿಗೆಯ ಹಾಗೆ ತಿರುಗುತ್ತಿದೆ. ಅದರ ಸೆಳೆತಕ್ಕೆ ಸಿಕ್ಕ ನಕ್ಷತ್ರಗಳು ಒಂದೇ ಬಗೆಯ ದಾರಿಗೆ ಬೀಳುತ್ತವೆ. ಜಾತ್ರೆಯಲ್ಲಿ ತೇರು ಬಂದಾಗ ಜನ ಒಂದೇ ಕಡೆ ಸರಿಯುತ್ತಾರೆ. ಮೇಲಿನಿಂದ ನೋಡಿದವರು, ಓ, ಇವರೆಲ್ಲ ಒಂದೇ ಊರಿನಿಂದ ಬಸ್ಸು ಮಾಡಿಕೊಂಡು ಬಂದವರು ಅಂದರೆ ಹೇಗೆ?

ಶಿವ, ಶಕ್ತಿಯರ ಸುತ್ತ ಇರುವುದೂ ಇದೇ ಅನುಮಾನ. 2024ರ ಮಾರ್ಚ್‌ನಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಿಂದ ಖ್ಯಾತಿ ಮಲ್ಹಾನ್ ಮತ್ತು ರಿಕ್ಸ್ ಈ ಎರಡು ಗುಂಪುಗಳನ್ನು ಪ್ರಕಟಿಸಿದರು. ಒಂದೊಂದರ ತೂಕ ಸುಮಾರು ಒಂದು ಕೋಟಿ ಸೂರ್ಯರಷ್ಟು. ನಕ್ಷತ್ರಗಳು 1200 ಕೋಟಿ ವರ್ಷಕ್ಕೂ ಹಳೆಯವು. ಆಕಾಶಗಂಗೆಯ ಮೊಟ್ಟಮೊದಲ ಇಟ್ಟಿಗೆಗಳು ಸಿಕ್ಕವು ಎಂದು ಸುದ್ದಿಯಾಯಿತು, ನಮ್ಮ ಪತ್ರಿಕೆಗಳಲ್ಲಿ ಹೆಸರಿನ ಕಾರಣಕ್ಕೆ ಇನ್ನೂ ಜಾಸ್ತಿ. ಆದರೆ ಅವರ ಪ್ರಬಂಧದ ತಲೆಬರಹದಲ್ಲೇ ಇವು ಹಾಗಿರಬಹುದೆಂದು ಭಾವಿಸಲಾದ ತುಣುಕುಗಳು ಎಂಬ ಎಚ್ಚರಿಕೆ ಇದೆ. ನಡುವಿನ ಪಟ್ಟಿಯ ಕೈವಾಡವೂ ಇರಬಹುದು ಎಂದು ಅವರೇ ಒಳಗೆ ಬರೆದಿದ್ದಾರೆ. ವಿಜ್ಞಾನಿ ಹಾಕಿದ ಬಹುಶಃ ಎಂಬ ಪದ ಸುದ್ದಿಮನೆ ತಲುಪುವಷ್ಟರಲ್ಲಿ ಉದುರಿಹೋಗುವುದು ಹೊಸದೇನಲ್ಲ.

ಈ ಹುಡುಕಾಟದ ಒಂದು ಎಳೆ ಬೆಂಗಳೂರಿನ ಪಕ್ಕದಲ್ಲೇ ಇದೆ. ಲಡಾಖಿನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿ, 2 ಮೀಟರ್ ಅಗಲದ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಹೊಸಕೋಟೆಯಿಂದ, ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ಆವರಣವೊಂದರಲ್ಲಿ ಕೂತು. ಬಿರಿಯಾನಿಗೆ ಹೆಸರಾದ ಊರಿನಿಂದ ಹಿಮಾಲಯದ ಟೆಲಿಸ್ಕೋಪ್ ತಿರುಗಿಸುತ್ತಾರೆ! ಬೆಳಕನ್ನು ಬಹಳ ನುಣ್ಣಗೆ ಬಿಡಿಸುವ ಉಪಕರಣವನ್ನು ಅದಕ್ಕೆ ಜೋಡಿಸಿದ ಮೇಲೆ, ಲೋಹ ಕಡಿಮೆ ಇರುವ ನಕ್ಷತ್ರಗಳನ್ನು ಹುಡುಕುವ ಒಂದು ಸಮೀಕ್ಷೆ ಶುರುವಾಯಿತು. ಅದರ ಉದ್ದ ಹೆಸರಿನ ಅಕ್ಷರಗಳನ್ನು ಹೆಕ್ಕಿ ಗೊಂಪಾ ಎಂದು ಕರೆದರು. ಲಡಾಖಿನಲ್ಲಿ ಬೌದ್ಧ ಮಠಕ್ಕೆ ಗೊಂಪಾ ಎನ್ನುತ್ತಾರೆ. ಗಯಾ ನಡಿಗೆ ಹೇಳುತ್ತದೆ, ಮಾತಿನ ಧಾಟಿ ಕೇಳಬೇಕಾದರೆ ಹೀಗೆ ಒಂದೊಂದೇ ನಕ್ಷತ್ರವನ್ನು ತಾಳ್ಮೆಯಿಂದ ನೋಡಬೇಕು.

ಜೇಮ್ಸ್ ವೆಬ್ ಟೆಲಿಸ್ಕೋಪ್ ಮಹಾಸ್ಫೋಟವಾಗಿ 30 ಕೋಟಿ ವರ್ಷದೊಳಗಿನ ಗೆಲಾಕ್ಸಿಗಳನ್ನೇ ತೋರಿಸುತ್ತಿರುವಾಗ ಇಲ್ಲಿ ಅಗೆಯುವುದು ಯಾಕೆ ಅಂತ ಕೇಳಬಹುದು. ಅದು ತೋರಿಸುವುದು ಬೇರೆಯವರ ಮನೆಯ ಮಕ್ಕಳ ಫೋಟೋ. ನಮ್ಮ ಮನೆಯದ್ದು ಹೇಗಿತ್ತು ಅಂತ ತಿಳಿಯಲು ನಮ್ಮ ಅಟ್ಟವನ್ನೇ ಹುಡುಕಬೇಕು. ಎರಡೂ ಸೇರಿದಾಗ ಮಾತ್ರ ಮಜಾ. ಬಹಳ ಹಿಂದೆಯೇ ಅಚ್ಚುಕಟ್ಟಾದ ತಟ್ಟೆಯಾಕಾರದ ಗೆಲಾಕ್ಸಿಗಳು ಇದ್ದವು ಎಂದು ವೆಬ್ ತೋರಿಸಿತು. 2024ರಲ್ಲಿ ಪಾಟ್ಸ್‌ಡ್ಯಾಮ್‌ನ ತಂಡವೊಂದು ನಮ್ಮ ತೆಳು ತಟ್ಟೆಯಲ್ಲೂ 1300 ಕೋಟಿ ವರ್ಷಕ್ಕಿಂತ ಹಳೆಯ ನಕ್ಷತ್ರಗಳಿವೆ ಎಂದಿತು. ಎರಡೂ ಚೆನ್ನಾಗಿ ಹೊಂದುತ್ತವೆ. ಆದರೆ ಮೆಥೂಸಲಾ ನೆನಪಿದೆಯಲ್ಲ? 1300 ಕೋಟಿ ಎಂಬಲ್ಲಿ ನೂರು ಕೋಟಿ ಆಚೀಚೆಯಾದರೆ ಕಥೆಯೇ ಬೇರೆ.

ಗಯಾ 2025ರ ಜನವರಿ 15ರಂದು ಕೊನೆಯ ಅಳತೆ ಮುಗಿಸಿತು. ದಿಕ್ಕು ಸರಿಹೊಂದಿಸಲು ಬೇಕಾದ ಅನಿಲ ತಳ ಮುಟ್ಟಿತ್ತು. ಅದರ ನಾಲ್ಕನೇ ದೊಡ್ಡ ಪಟ್ಟಿ 2026ರ ಡಿಸೆಂಬರ್‌ಗೆ ನಿಗದಿಯಾಗಿದೆ. ನೆರಿಗೆಯ ಜಗಳಕ್ಕೂ ಶಿವ-ಶಕ್ತಿಯರ ಅನುಮಾನಕ್ಕೂ ಅದರಲ್ಲಿ ಇನ್ನಷ್ಟು ನಿಖರ ಅಳತೆಗಳು ಸಿಗಬೇಕು.

ಸ್ವಾತಿಯ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಅದರ ಹಾಗೇ ಹಿಂದೆ ಬೀಳುತ್ತಾ ಸಾಗುವ ಇನ್ನೂ ಹಲವು ನಕ್ಷತ್ರಗಳಿವೆ. 2004ರಲ್ಲಿ ನವಾರೊ, ಹೆಲ್ಮಿ ಮತ್ತು ಫ್ರೀಮನ್, ಈ ಗುಂಪು ಆಕಾಶಗಂಗೆ ನುಂಗಿದ ಗೆಲಾಕ್ಸಿಯೊಂದರ ಅವಶೇಷ ಎಂದರು. ಸ್ವಾತಿ ಪರದೇಶಿ ಎಂದು ಆಗ ಅನೇಕ ಕಡೆ ಬಂತು. ಐದು ವರ್ಷದಲ್ಲಿ ಹೆಲ್ಮಿ, ಫ್ರೀಮನ್ ಇಬ್ಬರೂ ಇದ್ದ ಇನ್ನೊಂದು ತಂಡ ಆ ಗುಂಪಿನ ಲೋಹಗಳನ್ನು ಒಂದೊಂದಾಗಿ ನೋಡಿತು. ಒಂದೇ ಮನೆಯ ಅಡುಗೆ ಅನ್ನುವ ಹದ ಅಲ್ಲಿರಲಿಲ್ಲ. ಉಳಿದ ತಟ್ಟೆಯ ನಕ್ಷತ್ರಗಳ ಹಾಗೇ ಇದ್ದವು. ತೇರಿನ ನೂಕುನುಗ್ಗಲಲ್ಲಿ ಒಂದೇ ಕಡೆ ಸರಿದ ಊರ ಜನ ಇರಬೇಕು ಎಂಬ ಕಡೆಗೆ ಅವರೇ ವಾಲಿದರು.

ಹಾಗಾದರೆ ಗಯಾ ಏನು ಹೇಳುತ್ತದೆ ಅಂತ ಕೇಳೋಣ ಅಂದರೆ ಅದಕ್ಕೂ ದಾರಿ ಇಲ್ಲ. ಸ್ವಾತಿ ಬಹಳ ಪ್ರಖರ. ಅದರ ಬೆಳಕಿಗೆ ಗಯಾದ ಕಣ್ಣು ಕೋರೈಸುತ್ತಿತ್ತು. ಸುಮಾರು 180 ಕೋಟಿ ಹೆಸರುಗಳಿರುವ ಅದರ ಈಗಿನ ಪಟ್ಟಿಯಲ್ಲಿ, ತಾರಸಿಯಿಂದ ಬರಿಗಣ್ಣಿಗೆ ಕಾಣುವ ಈ ನಕ್ಷತ್ರ ಇಲ್ಲ. ಅದರ ದೂರಕ್ಕೆ ನಾವು ಇವತ್ತಿಗೂ ನಂಬಿರುವುದು 1989ರಲ್ಲಿ ಹಾರಿದ ಹಿಪ್ಪಾರ್ಕಸ್ ಎಂಬ ಹಳೆಯ ಉಪಗ್ರಹದ ಅಳತೆಯನ್ನು.